ತೊಂಬತ್ತೆರಡು

ಮೆಗ್ಗಾನಿನ ಕೂಸುಗಳ ವಾರ್ಡಿನಲ್ಲಿ
ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು ನಾನು.
ಅಲ್ಲಿ ಗುಜರಿಗೆ ಹಾಕಿದ ತಕ್ಕಡಿ ತಂದೆ,
ಇವನ್ನಿಟ್ಟರೆ ಮುಳ್ಳೇ ಮಿಸುಕಲಿಲ್ಲ.
ಕೊನೆಗೆ ಗಾಂಧಿ ಬಜಾರಿನ ರಾಯ್ಕರರು
ಚಿನ್ನ ತೂಗುವ ಹಳೆಯದೊಂದನ್ನು ಕೊಟ್ಟರು:
"ಇದು ಗುಲಗಂಜಿಗೂ ಲೆಕ್ಕ ಕೊಡುತ್ತೆ, ತಗೊಳ್ಳಿ."

ಸವಳಂಗ ರಸ್ತೆಯ ಲಾರಿ ನಿಲ್ದಾಣ,
ಟಾರ್ಪಾಲಿನ ಮಡಿಕೆಯೊಳಗೆ ಮೂರು ಸಿಕ್ಕವು.
ತಾಯಿ ರಸ್ತೆಯ ಮೇಲೆ. ಅದರ ಮಾತು ಬೇಡ.
ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದಂತೆ.
ಇವಕ್ಕೆ ಎಷ್ಟಾಗಿತ್ತೋ,
ಈ ತಗಡಿನ ಶೆಡ್ಡು ಎಷ್ಟನೆಯದೋ.

ವಾರ್ಡಿನಲ್ಲಿ ಕೂಸಿಗೆ ಹೆಸರಿರುವುದಿಲ್ಲ,
ಕೈಗೆ ಕಟ್ಟಿದ ಪಟ್ಟಿಯಲ್ಲಿ ತಾಯಿಯದೇ ಹೆಸರು.
ಇಲ್ಲಿ ಆ ಜಾಗ ಖಾಲಿ ಬಿಡಲಾರದೆ
ಶೆಡ್ಡಿನ ಹುಡುಗ ಜೋಸ್ವಿನ್
ಬಂದ ದಿನದ ತೂಕ ಬರೆದ.
ಹಾಗೆ ಅವು ನೂರಾ ನಾಲ್ಕು, ತೊಂಬತ್ತೆರಡು, ಎಂಬತ್ತು.

ನೂರಾ ನಾಲ್ಕಕ್ಕೆ ಕೀವು ಕಟ್ಟಿ ಕಣ್ಣು ಅಂಟಿದ್ದವು.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ
ಲೋಕಕ್ಕೆ ತಿಳಿಯದೇ ಅನ್ನುತ್ತಾರಲ್ಲ,
ತಿಳಿಯಲಿಲ್ಲ ಕಣ್ರೀ.
ಲೋಕ ಮಲಗಿತ್ತು.
ಸಿರಿಂಜು ಹಿಡಿದು ಎದ್ದಿದ್ದವಳು ನಾನೊಬ್ಬಳೇ.
ಬಿಸಿನೀರಿನ ಹತ್ತಿಯಲ್ಲಿ ಒರೆಸಿ ಒರೆಸಿ
ಐದನೆಯ ದಿನ ಒಂದು ಕಣ್ಣು ಬಿಟ್ಟಿತು.
ಇನ್ನೊಂದು ರೆಪ್ಪೆಯ ಹಿಂದೆ ಕಣ್ಣೇ ಉಳಿದಿರಲಿಲ್ಲ.

ತೊಂಬತ್ತೆರಡಕ್ಕೆ ಅಂಗುಳ ಸೀಳಿತ್ತು.
ಹನಿ ಹಾಲು ಬಿಟ್ಟರೂ ಮೂಗಿನಲ್ಲಿ ಗುಳ್ಳೆ.
ಡಾಕ್ಟರ್ ನಫೀಸಾ ದಾರದಂಥ ಕೊಳವೆ ತಂದು
ಮೂಗಿನ ತುದಿಯಿಂದ ಕಡೆಯ ಪಕ್ಕೆಲುಬಿನವರೆಗೆ ಅಳೆದು
ಪೆನ್ನಿನಲ್ಲಿ ಗೆರೆ ಹಾಕಿಕೊಟ್ಟರು:
"ಇದನ್ನು ದಾಟಬೇಡಿ, ಇದಕ್ಕೆ ಮೊದಲೂ ನಿಲ್ಲಬೇಡಿ.
ಉಸಿರಿನ ದಾರಿಗೆ ಹೋಯಿತೋ, ಮುಗಿಯಿತು."
ಈಚೆಗೆ ನನ್ನ ಕೈ ನಡುಗುತ್ತದೆ,
ಕಾಫಿ ಲೋಟದಲ್ಲೂ ಅಲೆ.
ಆ ಗೆರೆ ತುಟಿಗೆ ಮುಟ್ಟುವವರೆಗೆ ಮಾತ್ರ ನಡುಗುವುದಿಲ್ಲ.
ಯಾಕೋ ಗೊತ್ತಿಲ್ಲ.

ಎಂಬತ್ತಕ್ಕೆ ಏನಾಗಿತ್ತೆಂದು ಕೊನೆಗೂ ತಿಳಿಯಲಿಲ್ಲ.
ಎಪ್ಪತ್ತೊಂಬತ್ತು. ಎಪ್ಪತ್ತೆಂಟು. ಎಪ್ಪತ್ತಾರು.
ಮಾರ್ಗಶಿರದ ಚಳಿ.
ರಮ್ಮಿನ ಖಾಲಿ ಬಾಟಲಿಗೆ ಬಿಸಿನೀರು ತುಂಬಿ
ನನ್ನ ಸ್ವೆಟರಿನ ತೋಳು ತೊಡಿಸಿ ಪಕ್ಕಕ್ಕಿಟ್ಟೆ
(ಬಾಟಲಿ ಯಾರದೆಂದು ಜೋಸ್ವಿನ್ ಹೇಳಲಿಲ್ಲ,
ನಾನು ಕೇಳಲೂ ಇಲ್ಲ),
ವಸಡಿಗೆ ಗ್ಲೂಕೋಸು ಸವರಿದೆ.
ತಾಳಗುಪ್ಪದಿಂದ ಬರುವ ರೈಲು ಕೂಗುವಾಗ
ಬಾಯಿ ತೆರೆಯಿತು.
ಹಸಿವು ಅಂದುಕೊಂಡೆ.

ಹೋದ ಮೇಲೂ ತೂಗಿದೆ.
ಇದನ್ನು ಯಾರಿಗೂ ಹೇಳಿಲ್ಲ.
ಎಪ್ಪತ್ತಾರೇ.
ಏನೋ ಹಾರಿಹೋಗುತ್ತದೆ ಅನ್ನುತ್ತಾರಲ್ಲ,
ಅದಕ್ಕೆ ಗುಲಗಂಜಿಯಷ್ಟೂ ತೂಕವಿರಲಿಲ್ಲ.
ತಕ್ಕಡಿ ಒರೆಸಿಟ್ಟೆ.
ಹನ್ನೊಂದರ ಹಾಲಿಗೆ ಹೊತ್ತಾಗಿತ್ತು.

ಹಾಲು ಹಾಕಿದರೆ ಮುಗಿಯುವುದಿಲ್ಲ.
ತಾಯಿಯ ನಾಲಗೆಯ ಹಾಗೆ
ಒದ್ದೆ ಹತ್ತಿಯಲ್ಲಿ ಸವರಿ ಉಚ್ಚೆ ಮಾಡಿಸಬೇಕು.
ಓರಗಿತ್ತಿ ನಕ್ಕಳು,
"ಪಿಂಚಣಿ ಬಂದರೂ ನಿಂಗೆ ಉಚ್ಚೆ ಬಳಿಯೋದು ತಪ್ಪಲಿಲ್ಲ."
ಹೌದು ಮಾರಾಯ್ತಿ.
ಬೆರಳಿಗೆ ಬೆಚ್ಚಗೆ ತಾಗಿದಾಗ
ಇನ್ನೆರಡು ತಾಸು ಸಿಕ್ಕಿತು ಅಂತ ಅರ್ಥ.
ಅದನ್ನು ಅವಳಿಗೆ ಹೇಳಲು ಹೋಗಲಿಲ್ಲ.

ಈಗ ಸಂಕ್ರಾಂತಿ ಕಳೆದಿದೆ.
ತೊಂಬತ್ತೆರಡು ನೂರಾ ಎಂಬತ್ತಮೂರು ತೂಗುತ್ತದೆ,
ಹೆಸರು ಬದಲಾಗಿಲ್ಲ.
ಅಂಗುಳ ಹೊಲಿಯಲು ನಾಲ್ಕು ತಿಂಗಳಾದರೂ ತುಂಬಬೇಕು.
ತುಂಬುತ್ತದೆಂದು ಡಾಕ್ಟರೂ ಹೇಳುತ್ತಿಲ್ಲ,
ನಾನೂ ಕ್ಯಾಲೆಂಡರಿನ ಹಾಳೆ ಮುಂದಕ್ಕೆ ತಿರುಗಿಸುತ್ತಿಲ್ಲ.

ನಿನ್ನೆ ರಾತ್ರಿ ನೂರಾ ನಾಲ್ಕು
ಪೆಟ್ಟಿಗೆ ಹತ್ತಿ ಹೊರಗುರುಳಿ,
ಕಣ್ಣಿಲ್ಲದ ಬದಿಗೇ ಸುತ್ತಿ ಸುತ್ತಿ,
ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಎಡಗಾಲಿನ ಚಪ್ಪಲಿಯಲ್ಲಿ
ಮುದುಡಿ ಮಲಗಿತು.
ಅದನ್ನೂ ಒಂದು ಮನೆಯೆಂದು ಎಣಿಸಬಹುದೇನೋ.

ಎಬ್ಬಿಸಲಿಲ್ಲ.
ಬೆಳಗಿನ ಸಿಟಿ ಬಸ್ಸಿಗೆ
ಜೋಸ್ವಿನನ ಹವಾಯಿ ಹಾಕಿಕೊಂಡು ಹೋದೆ,
ಎರಡು ಸೈಜು ದೊಡ್ಡದು,
ದಾರಿಯುದ್ದಕ್ಕೂ ಚಟ್ ಚಟ್.