ಕಾವು

ತಣ್ಣಗಿದ್ದಾಗ ಏನೂ ತಕರಾರಿಲ್ಲ.
ಬೆಳಗಿನ ಐದಕ್ಕೆ ಚಾವಿ ತಿರುಗಿಸಿದರೆ ಒಂದೇ ಏಟಿಗೆ ಏಳುತ್ತಿತ್ತು
ಮೊಟ್ಟೆ ಹೇರಿದ ನನ್ನ ಬಿಳಿ ಈಕೋ.
ಬೂದನೂರು ದಾಟಿ, ಗೆಜ್ಜಲಗೆರೆಯಲ್ಲಿ ಎರಡು ಟ್ರೇ ಇಳಿಸಿ,
ಮದ್ದೂರಿನ ಹೋಟೆಲುಗಳ ಹಿಂಬಾಗಿಲು ತಟ್ಟುವಷ್ಟರಲ್ಲಿ
ಕಾವೇರಿರುತ್ತಿತ್ತು.
ಆಮೇಲೆ ಆಫ್ ಮಾಡಿದೆನೋ, ಮುಗಿಯಿತು.
ಕರ್ ಕರ್ ಕರ್ ಅನ್ನುವುದೇ ಹೊರತು ಹೊತ್ತುವುದಿಲ್ಲ.

ಮದ್ದೂರಿನವನು ಪ್ಲಗ್ಗು ಬದಲಿಸಿದ,
ಪಟ್ಟಣದವನು ಪಂಪು.
ಎದುರುಮನೆಯಾಕೆ ಮಂತ್ರಿಸಿದ ನಿಂಬೆಹಣ್ಣು ತಂದುಕೊಟ್ಟಳು.
ಮೂವರಿಗೂ ದುಡ್ಡು ಕೊಟ್ಟೆ.

ಗುತ್ತಲು ರಸ್ತೆಯ ಜಬೀಉಲ್ಲಾ ದುಡ್ಡಿನ ಮಾತೇ ಎತ್ತದೆ
"ಸೀಟಿಂದ ಏಳು ಸುನಂದಕ್ಕ" ಅಂದ.
ಎದ್ದೆ. ಸೀಟನ್ನೇ ಮಡಚಿ ಎತ್ತಿದ.
ಆರು ವರ್ಷದಿಂದ ಇಂಜಿನ್ನಿನ ಮೇಲೇ ಕೂತಿದ್ದೇನೆಂದು
ಗೊತ್ತಿತ್ತು, ಕಂಡಿರಲಿಲ್ಲ.
ಅಡಿಯಲ್ಲಿ ಒಂದು ಹೇರ್‌ಪಿನ್ನು, ಎರಡು ರೂಪಾಯಿ,
ಒಣಗಿ ಅಂಟಿದ ಹಳದಿ ಲೋಳೆ,
ಕೋಳಿಫಾರಂನವರ ಹಳೇ ಚೀಟಿ: ಬಾಕಿ ೩೪೦.

ಸ್ಕ್ಯಾನರು ಚುಚ್ಚಿದ. ಪರದೆಯ ಮೇಲೆ ಬಂತು:
ಪಿ ಸೊನ್ನೆ ಮೂರು ನಾಲ್ಕು ಸೊನ್ನೆ.
ಚೀಟಿ ನೋಡಿದೆ, ಪರದೆ ನೋಡಿದೆ.
"ನಗಬ್ಯಾಡ, ಇದೂವೆ ಬಾಕಿನೇ.
ಒಳಗೊಂದು ದಂಡ ಸುತ್ತುತದೆ. ಅದರ ಉಬ್ಬು
ಬಾಗಿಲು ಒತ್ತಿ ತೆಗೀತದೆ, ಬಿಟ್ಟಾಗ ಮುಚ್ಕತದೆ.
ಈಗ ಯಾವ ಬಾಗಿಲು ಅಂತ ಕೂಗಿ ಹೇಳಕೆ ಒಬ್ಬ ಅವ್ನೆ,
ಸಕ್ಕರೆ ಫ್ಯಾಕ್ಟರಿ ಸೈರನ್ನು ಇದ್ದಂಗೆ.
ಅದು ಕೂಗ್ನಿಲ್ಲ ಅಂದ್ರೆ ಜನ ಗೇಟಲ್ಲೇ ನಿಂತಿರ್ತಾರೆ, ಬುತ್ತಿ ಹಿಡ್ಕೊಂಡು.
ಕಾವು ಬಂದ್ರೆ ಇವನ ಗಂಟಲು ಕಟ್ತದೆ.
ಹೊತ್ತು ತಿಳೀದೆ ಹೊತ್ಕೊಳಾದು ಹೆಂಗೆ?"

ಒದ್ದೆ ಬಟ್ಟೆ ತುರುಕಿ ಐದು ನಿಮಿಷ ಬೀಡಿ ಸೇದಿದ.
ಚಾವಿ. ಹೊತ್ತಿಕೊಂಡಿತು.
"ನೋಡು, ಇವನೇ."
ಬೆಟ್ಟಸ್ವಾಮಿಯನ್ನು ಟಿವಿಎಸ್ಸಿನಲ್ಲಿ ಓಡಿಸಿದ, ಕಂಪನಿ ಮಾಲೇ ತಾ ಅಂತ.

ಆದರೆ ಇವನು ಕೂತಿರುವುದು ಎಲ್ಲಿ?
ಹೆಡ್ಡಿನ ಹಿಂಬದಿ, ಕಣ್ಣಿಗೂ ಟಾರ್ಚಿಗೂ ದಕ್ಕದ ಸಂದಿನಲ್ಲಿ.
ಜಬೀಉಲ್ಲಾನ ಬೆರಳು ಒಂದೊಂದೂ ನಮ್ಮ ಬಾಳೆಕಾಯಿ.
ಎರಡು ಸಲ ಸಿಕ್ಕಿಹಾಕಿಕೊಂಡ ಮೇಲೆ ನನ್ನ ಕೈ ನೋಡಿದ.
"ನೀನು ಹಾಕು. ನೋಡಬ್ಯಾಡ, ನೋಡುದ್ರೆ ಸಿಕ್ಕಲ್ಲ."

ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಹಾಕಿದವಳು ನಾನು,
ಕೀಲಾರದಲ್ಲಿ, ಅಜ್ಜಿಯ ಹಿತ್ತಿಲಲ್ಲಿ, ಏಳು ವರ್ಷದವಳು.
ಕಣ್ಣು ಬೇರೆಲ್ಲೋ, ಬೆರಳು ಒಳಗೆ.
ಬಿಸಿ, ಪುಕ್ಕ, ಹುಲ್ಲು, ಆಮೇಲೆ ದುಂಡಗೆ.
ಇಲ್ಲಿ ಬಿಸಿ, ಪೈಪು, ಜಿಡ್ಡು, ಮತ್ತೂ ಒಂದು ಪೈಪು,
ಆಮೇಲೆ ಮೂರು ತಂತಿ ಕಚ್ಚಿಕೊಂಡ ಗಿಣ್ಣು.
ಸಿಕ್ಕಿತು.
ಕುಕ್ಕಲಿಲ್ಲ. ಮಣಿಕಟ್ಟಿಗೆ ಒಂದು ಬರೆ ಅಷ್ಟೆ.

ಬ್ಯಾಟರಿ ಬಿಚ್ಚಿದ. ಕ್ಲಿಪ್ಪು ಅದುಮಿದೆ.
ಹತ್ತರ ಪಾನಾ, ಒಂದೇ ಬೋಲ್ಟು.
"ಬೀಳ್ಸಿದ್ರೆ ಸಂಜೆಗಂಟ ಹುಡ್ಕಬೇಕು."
ಬೀಳಿಸಲಿಲ್ಲ. ಎಳೆಯಬೇಡ, ತಿರುವು ಅಂದ; ತಿರುವಿದೆ,
ಅಂಗಡಿ ತುಂಬ ಸದ್ದು ಮಾಡಿಕೊಂಡು ಕಿತ್ತು ಬರುತ್ತದೆಂದುಕೊಂಡಿದ್ದೆ.
ಹೆಬ್ಬೆರಳಷ್ಟು ಕಪ್ಪು ತುಂಡು,
ತುದಿಯಲ್ಲಿ ಒಂದು ಹನಿ ಎಣ್ಣೆ.

ಹೊಸದರ ರಬ್ಬರ್ ಬಳೆಗೆ ಅವನೇ ಎಣ್ಣೆ ಸವರಿಕೊಟ್ಟ.
ಕೂರಿಸಿದೆ. ಟಕ್.
ಹಳೆಯದನ್ನು ಬಿಸಾಕಲು ಮನಸ್ಸಾಗದೆ
ಬೆಳಿಗ್ಗೆ ಒಡೆದ ಮೊಟ್ಟೆಯ ಗುಳಿಯಲ್ಲಿಟ್ಟೆ.

ಯಲಿಯೂರಿನ ಹತ್ತಿರ ಬೇಕಂತಲೇ ನಿಲ್ಲಿಸಿ ಆಫ್ ಮಾಡಿದೆ.
ಮಧ್ಯಾಹ್ನ ಒಂದೂವರೆ. ಕಬ್ಬಿನ ಲಾರಿ, ಅದರ ಹಿಂದೆ ಕಬ್ಬಿನ ಲಾರಿ.
ಸೀಟಿನಡಿಯಿಂದ ಕಾವು ಚೂಡಿದಾರ ದಾಟಿ ತೊಡೆಗೆ ಬರುತ್ತಿತ್ತು.
ಅಲುಗದೆ ಕೂತೆ.
ಹಿಂದೆ ಎಂಟು ಟ್ರೇ,
ಇನ್ನೂರ ಮೂವತ್ತೊಂಬತ್ತು ಮೊಟ್ಟೆ, ಒಂದು ಸೆನ್ಸರು.
ಚಾವಿಯ ಮೇಲೆ ಬೆರಳಿಟ್ಟು
ಮತ್ತೆ ತೆಗೆದೆ.

ಇನ್ನೂ ಒಂಚೂರು ಕಾಯಲಿ.