ಏಳನೇ ಕಲಮು

ಕನಕಪುರ ರಸ್ತೆಯ ಕಲ್ಯಾಣಮಂಟಪದ ಆಫೀಸಿನಲ್ಲಿ
ಮ್ಯಾನೇಜರು ಹಾಲಪ್ಪ ಕಾಫಿ ತರಿಸಿ
ಎರಡು ಪುಟದ ಕರಾರು ನನ್ನತ್ತ ಸರಿಸಿದರು.
‘ವರ್ಷಕ್ಕೆ ಎಂಬತ್ತು ಮದುವೆ, ಮೇಡಂ.
ಎಂಬತ್ತೂ ನಿಮ್ಮವೇ.
ಹೊರಗಿನ ಕ್ಯಾಮೆರಾ ಒಳಗೆ ಬರಬೇಕಾದರೆ
ಗೇಟಿನಲ್ಲೇ ಹದಿನೈದು ಸಾವಿರ.
ಯಾರು ಕಟ್ಟುತ್ತಾರೆ ಹೇಳಿ?’

ನಾನು ಕಟ್ಟಿದ್ದೆ.
ಮೂರು ವರ್ಷದ ಹಿಂದೆ, ಇದೇ ಗೇಟಿನಲ್ಲಿ.
ಒಳಗೆ ಹುಡುಗಿಯ ಗೌರೀಪೂಜೆ ಮುಗಿಯುತ್ತ ಬಂದಿತ್ತು,
ರಸೀದಿ ಪುಸ್ತಕಕ್ಕೆ ಕಾರ್ಬನ್ ಹಾಳೆ ಸಿಗದೆ
ಸೆಕ್ಯುರಿಟಿಯವನು ಹುಡುಕುತ್ತಲೇ ಇದ್ದ.
ಆ ಆಲ್ಬಮ್ಮಿನಲ್ಲಿ ಗೌರೀಪೂಜೆ ಇಲ್ಲ.
ಹಾಲಪ್ಪನವರಿಗೆ ನೆನಪಿಲ್ಲ. ನಾನೂ ನೆನಪಿಸಲಿಲ್ಲ.

ಪ್ರತಿ ಬುಕಿಂಗಿಗೆ ನೂರಕ್ಕೆ ಇಪ್ಪತ್ತು ಮಂಟಪಕ್ಕೆ.
ಅದನ್ನು ಹುಡುಗಿಯ ಅಪ್ಪನ ಬಿಲ್ಲಿನಲ್ಲಿ
ಎಲ್ಲಿ ಅಡಗಿಸಬೇಕೆಂದೂ ಹೇಳಿಕೊಟ್ಟರು:
ಆಲ್ಬಮ್ಮಿನ ರಟ್ಟಿನಲ್ಲಿ, ಡ್ರೋನಿನ ರೆಕ್ಕೆಯಲ್ಲಿ.

‘ಪ್ರಿಫರ್ಡ್ ಅಂತ ಇನ್ನೊಂದುಂಟು.
ಪಟ್ಟಿಯಲ್ಲಿ ಮೂರು ಹೆಸರು, ನಿಮ್ಮದೂ ಒಂದು.
ಆದರೆ ಪೂರ್ತಿ ಯಾರು ಓದುತ್ತಾರೆ? ಮೊದಲ ಹೆಸರಿಗೇ ಫೋನು.
ಈ ವ್ಯವಹಾರದಲ್ಲಿ ಏಕಪತ್ನೀವ್ರತವೇ ವಾಸಿ’
ಎಂದು ನಕ್ಕರು. ನಗು ಚೆನ್ನಾಗಿತ್ತು, ಕಾಫಿಯೂ.

ಬನಶಂಕರಿ ಸಿಗ್ನಲ್ಲಿನಲ್ಲಿ ನೂರಾ ನಲವತ್ತು ಸೆಕೆಂಡು.
ಸ್ಕೂಟರಿನ ಮೇಲೇ ಲೆಕ್ಕ ಹಾಕಿದೆ.
ಆಷಾಢ ಬರುತ್ತದೆ, ಧನುರ್ಮಾಸ ಬರುತ್ತದೆ,
ಶುಕ್ರ ಮುಳುಗಿದರೆ ಮೂಢ.
ಲೆನ್ಸಿನ ಕಂತಿಗೆ ಮಾತ್ರ
ಪಂಚಾಂಗವಿಲ್ಲ: ಪ್ರತಿ ತಿಂಗಳು ಐದನೇ ತಾರೀಕು.
ಲೈಟು ಹಿಡಿಯುವ ಜಬೀಗೆ ಹೋದ ಜುಲೈಯಲ್ಲಿ
ಅರ್ಧ ಸಂಬಳ ಕೊಟ್ಟಿದ್ದೆ.
ಎಣಿಸದೆ ಜೇಬಿಗಿಟ್ಟುಕೊಂಡ.
ಎಣಿಸಿದ್ದರೆ ಚೆನ್ನಾಗಿತ್ತು.

ಎಂಬತ್ತು ಮದುವೆ. ಒಂದೇ ವೇದಿಕೆ,
ಒಂದೇ ಎಲ್‌ಇಡಿ ಗೋಡೆ, ಅದರಲ್ಲಿ ಅದೇ ಜೋಡಿ ನವಿಲು.
ಧಾರೆಯ ಹೊತ್ತಿಗೆ ಬೆಳಕು ಎಲ್ಲಿ ಬೀಳುತ್ತದೆಂದು
ಒಂದು ವರ್ಷದಲ್ಲಿ ಕಣ್ಣು ಮುಚ್ಚಿ ಹೇಳಬಲ್ಲೆ.
ಕಣ್ಣು ಮುಚ್ಚಿ ತೆಗೆಯಲೂ ಬಲ್ಲೆ.
ಹೆದರಿಕೆ ಅದೇ.
ಅಲ್ಲ, ಸುಳ್ಳು. ಹಾಗೆ ಹೇಳಿದರೆ
ಕಲಾವಿದೆಯ ಮಾತಿನಂತೆ ಕೇಳಿಸುತ್ತದೆ, ಅಷ್ಟೇ.
ಹೆದರಿಕೆ ಏಳನೇ ಕಲಮಿನದು:
‘ಮುಹೂರ್ತದ ದಿನಗಳಲ್ಲಿ ಮೊದಲ ಹಕ್ಕು ಮಂಟಪದ್ದು.’

ಮುಹೂರ್ತವಿಲ್ಲದ ದಿನ ಯಾರು ಮದುವೆಯಾಗುತ್ತಾರೆ?

ರಾತ್ರಿ ಮುನಿಯಲ್ಲಪ್ಪನ ಫೋನು.
ಅದೇ ಮಂಟಪಕ್ಕೆ ಹನ್ನೊಂದು ವರ್ಷ
ಸುಗಂಧರಾಜ, ಕನಕಾಂಬರ, ಬಾಳೆಕಂದು ಕಟ್ಟಿದವನು.
ಡೆಕೊರೇಟರ್ ಇನ್ನು ಒಬ್ಬರೇ ಎಂದಾದ ಮೇಲೆ
ಅವನ ಹೂವು ಗೇಟಿನವರೆಗೆ, ಅವನು ಗೇಟಿನಾಚೆ.
‘ತಾಯೀ, ಮಗಳ ಮದ್ವೆ. ಫೆಬ್ರವರಿ ಹನ್ನೆರಡು.
ಸಿದ್ದಾಪುರದ ಚಿಕ್ಕ ಛತ್ರ. ನೀನೇ ಬರ್ಬೇಕು.
ದುಡ್ಡು ಎರಡು ಸಲ ಕೊಡ್ತೀನಿ.’
ಎರಡು ಪಟ್ಟಲ್ಲ, ಎರಡು ಕಂತು.
ಅದೇ ಹನ್ನೆರಡಕ್ಕೆ ಆ ಕಡೆ ಮಂಟಪದಲ್ಲಿ
ಚಿನ್ನದಂಗಡಿಯವರ ಮನೆ ಮದುವೆ.

ಅಂತರಪಟ ಹಿಡಿದಾಗ
ಆ ಕಡೆಯವನಿಗೆ ಈ ಕಡೆಯವಳು ಕಾಣಳು,
ಈ ಕಡೆಯವಳಿಗೆ ಅವನು.
ಬಟ್ಟೆಯ ಅಂಚಿನಲ್ಲಿ,
ಪುರೋಹಿತರ ಮೊಣಕೈ ತಗಲುವಷ್ಟು ಹತ್ತಿರ,
ಇಬ್ಬರನ್ನೂ ನೋಡುವವಳು ನಾನೊಬ್ಬಳೇ:
ಇವಳ ಮುಷ್ಟಿಯಲ್ಲಿ ಬೆವರಿಗೆ ಅಂಟಾದ ಜೀರಿಗೆ ಬೆಲ್ಲ,
ಅವನು ಒಂದೇ ಸಮ ನುಂಗುತ್ತಿರುವ ಉಗುಳು.
ನನ್ನ ಕಸುಬೆಂದರೆ ಆ ಅಂಚು.
ರುಜು ಹಾಕಿದರೆ ಬಟ್ಟೆಯ ಒಂದು ಕಡೆಗೆ ಸರಿಯುತ್ತೇನೆ,
ಕುರ್ಚಿ ಮೆತ್ತಗಿರುವ ಕಡೆಗೆ.

ಬೆಳಿಗ್ಗೆ ಹಾಲಪ್ಪನವರಿಗೆ ಹೇಳಿದೆ:
ಪಟ್ಟಿಯಲ್ಲಿ ಹಾಕಿ, ಮೂರನೆಯವಳಾದರೂ ಸರಿ.
ಏಳನೆಯದನ್ನು ಹೊಡೆದುಹಾಕಿ.
ಬಹಳ ಹೊತ್ತು ಸುಮ್ಮನಿದ್ದು
‘ನೋಡೋಣ’ ಎಂದರು.
ಬೆಂಗಳೂರಿನಲ್ಲಿ ‘ನೋಡೋಣ’ ಅಂದರೆ ಏನೆಂದು ನನಗೆ ಗೊತ್ತು.

ಬರುವ ಜುಲೈಯ ಮಾತು ಜಬೀಗೆ ಇನ್ನೂ ಹೇಳಿಲ್ಲ.
ಅವನು ಸಿದ್ದಾಪುರದ ಛತ್ರ ನೋಡಿಕೊಂಡು ಬಂದಿದ್ದಾನೆ.
‘ಅಕ್ಕ, ಪೂರ್ವಕ್ಕೆ ಒಂದೇ ಕಿಟಕಿ.
ಹತ್ತೂಕಾಲಿಗೆ ಬಿಸಿಲು ಆಚೆ ಕಟ್ಟಡದ ಹಿಂದೆ.
ಧಾರೆ ಎಷ್ಟಕ್ಕೆ?’
ಹತ್ತೂ ಇಪ್ಪತ್ತಕ್ಕೆ, ಅಂದೆ.
ಬೆರಳು ಮಡಚಿ ಎಣಿಸಿದ.
‘ಐದು ನಿಮಿಷ ತಾನೆ. ನೋಡೋಣ, ಅಕ್ಕ.’