ಸಾವಿರಕ್ಕೆ ಮೂರು

ಏನೂ ಮಾಡಬೇಡಿ, ಕೈ ಸಡಿಲ ಬಿಡಿ ಎಂದೆ.
ಎಲ್ಲರಿಗೂ ಹೇಳುವುದು ಇದನ್ನೇ,
ಯಾರಿಗೂ ಬರುವುದಿಲ್ಲ.
ಕ್ಯಾತಮಾರನಹಳ್ಳಿಯ ಹೊನ್ನಾಜಮ್ಮನಿಗಂತೂ
ಅಂಗೈ ಮೇಲೆ ಮಾಡಿ ಸುಮ್ಮನಿಡುವುದೆಂದರೆ
ಯಾರ ಮುಂದೋ ಬೇಡಿದ ಹಾಗೆ.

ಮೂವತ್ತೊಂದು ವರ್ಷ ಅಗರಬತ್ತಿ ಹೊಸೆದ ಕೈ.
ಗೆರೆಗಳಲ್ಲಿ ಇದ್ದಲ ಪುಡಿ; ಸ್ಪಿರಿಟ್ಟಿನಲ್ಲಿ ಒರೆಸಿದರೂ
ಹತ್ತಿಗೆ ಬಂದದ್ದು ಅರ್ಧ.
ಹೆಬ್ಬೆರಳ ಬುಡದ ದಿಂಡು ಬತ್ತಿ
ಅಲ್ಲೊಂದು ಗುಳಿ, ಚಿಟಿಕೆ ಕುಂಕುಮ ಹಿಡಿಸುವಷ್ಟು.
ರಾತ್ರಿ ಜೋಮು ಹಿಡಿದು ಎಚ್ಚರವಾದರೆ
ಕೈ ಕೊಡವುತ್ತಾಳಂತೆ, ಒದ್ದೆಯೇನೂ ಇರದಿದ್ದರೂ.

ಮಣಿಕಟ್ಟಿಗೆ ಕಡ್ಡಿ ಒತ್ತಿ ಗುಂಡಿ ಅದುಮಿದೆ.
ಹೆಬ್ಬೆರಳು ನೆಗೆಯಿತು.
"ಅಯ್, ನಾನೇನೂ ಮಾಡ್ನಿಲ್ಲ ಕಣ್ ಸಾ, ಅದ್ಕದೇ ಎಗರ್ತು!"
ಪರರ ಮಗುವನ್ನು ನೋಡುವಂತೆ ನೋಡಿದಳು ಬೆರಳನ್ನು.

ನಾನು ಕಳಿಸಿದ್ದು, ಎಂದೆ.
ತಲೆಯಿಂದ ಇಳಿಯುವಂಥದೇ ಒಂದು ಸುಳ್ಳು ಅಪ್ಪಣೆ;
ನರ ಸಹಿ ನೋಡುವುದಿಲ್ಲ.
ಓಡಿ ಬಂದು ಸ್ನಾಯುವಿನ ಅಂಚಿಗೆ ನಿಲ್ಲುತ್ತದೆ,
ಮುಟ್ಟುವುದಿಲ್ಲ. ನಡುವೆ
ಕೂದಲೂ ತೂರದಷ್ಟು ಕಿರಿದಾದ ಓಣಿ.
ಅಲ್ಲಿ ಮಿಂಚು ಕರಗಿ ಹನಿಯಾಗಿ ದಾಟಿ
ಆಚೆ ದಡದಲ್ಲಿ ಮಾಂಸ ಮುದುಡುತ್ತದೆ.
ಡಿಪ್ಲೊಮಾದಲ್ಲಿ ಕಲಿತದ್ದು ಇಷ್ಟು.

ತೆರೆಯ ಮೇಲೆ ಗುಡ್ಡ ಎದ್ದಿತು, ತಡವಾಗಿ, ಕುಳ್ಳಗೆ.
"ಒಂದು ಸೆಕೆಂಡನ್ನ ಸಾವಿರ ಹೋಳು ಮಾಡಿದ್ರೆ
ನಾಲ್ಕನೇದಕ್ಕೆ ಮುಟ್ಟಬೇಕು, ಏಳಕ್ಕೆ ಮುಟ್ತಿದೆ.
ಇಲ್ಲಿ, ಮಣಿಕಟ್ಟಿನ ತೂಬಲ್ಲಿ ಇಕ್ಕಟ್ಟು."
ಸಾವಿರ ಎಂದೊಡನೆ ಅವಳು ನೆಟ್ಟಗೆ ಕೂತಳು.
ಸಾವಿರ ಅವಳಿಗೆ ಗೊತ್ತು,
ಕೂಲಿ ಬರುವುದೇ ಸಾವಿರದ ಲೆಕ್ಕದಲ್ಲಿ.
"ಸಾವ್ರಕ್ ಮೂರಾ? ಅಷ್ಟ ನಮ್ ಕಂಪ್ನಿಯೋರೇ ಬುಡ್ತರೆ ಸಾ,
ಮುರುಕ್ಲು ಅಂತ."
ವರದಿಯಲ್ಲಿ ಮುರುಕಲಿಗೆ ಕಲಂ ಇಲ್ಲ.

ಅಂಟು ಒರೆಸಿಕೊಳ್ಳಿ ಎಂದು ಹತ್ತಿ ಕೊಟ್ಟು
ಚೀಟಿ ಬರೆಯಲು ಬಗ್ಗಿದೆ:
ಶಸ್ತ್ರಚಿಕಿತ್ಸೆ ವಿಭಾಗ, ಬುಧವಾರ, ಹಸಿದ ಹೊಟ್ಟೆ ಬೇಡ.
ತಲೆ ಎತ್ತಿದರೆ ಅವಳು ಕಿಟಕಿಯಾಚೆ
ಇರ್ವಿನ್ ರಸ್ತೆಯ ಬಸ್ಸುಗಳ ಬೋರ್ಡು ನೋಡುತ್ತಿದ್ದಾಳೆ;
ಇತ್ತ ಮೇಜಿನ ಅಂಚಿನಲ್ಲಿ ಅಂಗೈ
ಹೋಗಿ, ಬಂದು, ಹೋಗಿ, ಬಂದು
ಹತ್ತಿ ಬತ್ತಿಯಾಗುತ್ತಿದೆ, ತೆಳ್ಳಗೆ, ಒಂದೇ ಸಮ.

ಹೆಬ್ಬೆರಳ ಪಟ್ಟಿಯನ್ನು ನಾನಿನ್ನೂ ಕಿತ್ತಿರಲಿಲ್ಲ.
ತೆರೆಯ ತುಂಬ ಹುಲ್ಲು, ಅಲ್ಲಲ್ಲಿ ಬೋಳು,
ಗಾಳಿಗೆ ಆಡುವ ಹಾಗೆ ಆಡುತ್ತಿತ್ತು.
ಯಾವ ಅಪ್ಪಣೆ, ಯಾವ ಇಸವಿಯಲ್ಲಿ ಹೊರಟದ್ದೋ.

ಮುಂದಿನ ಹೆಸರು ಕೂಗಬೇಕಿತ್ತು.
ಗುಂಡಿಯ ಮೇಲಿದ್ದ ನನ್ನ ಬೆರಳು
ಯಾವಾಗ ಎದ್ದಿತೋ, ನನಗೆ ಗೊತ್ತಾಗಲಿಲ್ಲ.